ಕ್ಯಾಮೆರಾಗೆ ಅದರದೇ ಚಿತ್ರ ತೋರಿಸಿ: ವಿಡಿಯೊ ಫೀಡ್‌ಬ್ಯಾಕ್‌ಗೆ ಕೈ ಪಳಗಿಸುವ ಬಗೆ

ಮೈಕ್ ಹಿಡಿದವರು ಸ್ಪೀಕರ್ ಮುಂದೆ ಹಾದುಹೋದರೆ ಕಿವಿ ಸೀಳುವ ಹಾಗೆ ಅದು ಕೂಗಿಕೊಳ್ಳುತ್ತದೆ. ಮೈಕ್ ಕೇಳಿದ್ದನ್ನು ಸ್ಪೀಕರ್ ನುಡಿಯುತ್ತದೆ, ಸ್ಪೀಕರ್ ನುಡಿದದ್ದನ್ನು ಮೈಕ್ ಮತ್ತೆ ಕೇಳುತ್ತದೆ, ಸುತ್ತು ಸುತ್ತಿಗೂ ದನಿ ಹಿಗ್ಗುತ್ತದೆ. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಅದರ ಮುಖವನ್ನು ಅದೇ ಟಿವಿಯ ಕಡೆಗೆ ತಿರುಗಿಸಿದರೆ ಬೆಳಕಿನಲ್ಲೂ ಹೀಗೇ ಆಗುತ್ತದೆ. ಆದರೆ ಇಲ್ಲಿ ಕೂಗಿನ ಬದಲು ಹೂವು ಅರಳುತ್ತದೆ, ಸುರುಳಿ ಬಿಚ್ಚಿಕೊಳ್ಳುತ್ತದೆ, ಮೋಡ ಕವಿದು ಕರಗುತ್ತದೆ. ಯಾರೂ ಬಿಡಿಸದ ಚಿತ್ರ ಅದು. ಇದೇ ವಿಡಿಯೊ ಫೀಡ್‌ಬ್ಯಾಕ್.

ನಾನು ಎಂಟು ವರ್ಷಗಳಿಂದ ಇದನ್ನು ಅಭ್ಯಾಸ ಮಾಡುತ್ತಿದ್ದೇನೆ. ಅಭ್ಯಾಸ ಎನ್ನುವ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. 1960ರ ಕೊನೆ ಮತ್ತು 70ರ ದಶಕದ ವಿಡಿಯೊ ಕಲಾವಿದರ ಬಗ್ಗೆ ಓದುವಾಗ ಅವರ ಯಂತ್ರಗಳ ಹೆಸರುಗಳೇ ಕಣ್ಣಿಗೆ ಹೊಡೆಯುತ್ತವೆ, ಆ ಯಂತ್ರಗಳು ಸಿಗದೆ ಏನೂ ಮಾಡಲಾಗದು ಅನ್ನಿಸುತ್ತದೆ. ನಿಜವಾಗಿ ಅವರಲ್ಲಿ ಎಷ್ಟೋ ಜನ ಮೊದಲು ಕಲಿತದ್ದು ಒಂದು ಕ್ಯಾಮೆರಾ, ಒಂದು ಟಿವಿ, ಒಂದು ಕೇಬಲ್ ಇಟ್ಟುಕೊಂಡು. ಅವರ ಕೈ ಏನು ಕಲಿಯಿತೋ ಅದನ್ನು ಇವತ್ತೂ ನಮ್ಮ ಕೈ ಕಲಿಯಬಹುದು. ಆ ಚರಿತ್ರೆ ನನಗೆ ಅರ್ಥವಾದದ್ದು ಓದಿನಿಂದಲ್ಲ, ಕಾಂಟ್ರಾಸ್ಟ್ ಗುಂಡಿ ತಿರುಗಿಸುತ್ತ.

ಶುರು ಮಾಡುವ ಮೊದಲು ಎರಡು ಎಚ್ಚರಿಕೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ತೊಂದರೆ ನಿಮಗೋ ಮನೆಯಲ್ಲಿ ಯಾರಿಗೋ ಇದ್ದರೆ ಇದನ್ನು ಮಾಡಲೇಬೇಡಿ. ಫೀಡ್‌ಬ್ಯಾಕ್ ಯಾವ ಗಳಿಗೆಯಲ್ಲಿ ಜೋರಾಗಿ ಮಿನುಗುತ್ತದೆಂದು ಮೊದಲೇ ಹೇಳಲಾಗದು. ಎರಡನೆಯದು, ಹಳೆಯ ಡಬ್ಬಾ ಟಿವಿಯ ಹಿಂಬದಿಯನ್ನು ಬಿಚ್ಚಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮಿಕ್ಕಿ ಒತ್ತಡ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಟ್ಯೂಬಿನಲ್ಲಿ ಉಳಿದಿರುತ್ತದೆ. ನಾನು ಇಲ್ಲಿ ಹೇಳುವುದೆಲ್ಲವೂ ಹೊರಗಿನಿಂದಲೇ ಆಗುವಂಥದ್ದು.

ಏನೇನು ಬೇಕು

ನನ್ನ ಮೇಜಿನ ಮೇಲಿರುವುದು 14 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ, ಪುಟ್ಟ ಕ್ಯಾಸೆಟ್ ಹಾಕುವ ಹ್ಯಾಂಡಿಕ್ಯಾಮ್, ಟ್ರೈಪಾಡ್, ಎರಡೂ ತುದಿಗೆ ಹಳದಿ ಪ್ಲಗ್ ಇರುವ ಮೂರು ಮೀಟರ್ ವಿಡಿಯೊ ಕೇಬಲ್. ಒಂದು ಟಾರ್ಚು, ಕರಿ ಬಟ್ಟೆಯ ತುಂಡು. ಬೇರೇನೂ ಬೇಡ.

ಕ್ಯಾಮೆರಾ ಆಯುವಾಗ ಒಂದನ್ನು ಮಾತ್ರ ಬಿಡಬೇಡಿ: ಫೋಕಸ್, ಬೆಳಕಿನ ಪ್ರಮಾಣ, ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಬಣ್ಣದ ಹೊಂದಿಕೆ) ಮೂರನ್ನೂ ಕೈಯಿಂದ ಹೊಂದಿಸಲು ಬರಬೇಕು. ಆಟೋ ಇರುವವರೆಗೂ ಕ್ಯಾಮೆರಾ ನಿಮ್ಮೊಂದಿಗೆ ಜಗಳಕ್ಕೆ ನಿಂತಿರುತ್ತದೆ. ನೀವು ಬೆಳಕು ಏರಿಸಿದರೆ ಅದು ಇಳಿಸುತ್ತದೆ, ತೆರೆ ಮಂಕಾದರೆ ತಾನೇ ಏರಿಸುತ್ತದೆ, ಇಡೀ ಚಿತ್ರ ಉಸಿರು ಕಟ್ಟಿದವರಂತೆ ಏದುಸಿರು ಬಿಡುತ್ತದೆ. ನೋಡಲು ಅದೂ ಚೆಂದವೇ, ಆದರೆ ಆಗ ನುಡಿಸುತ್ತಿರುವುದು ಕ್ಯಾಮೆರಾ, ನೀವಲ್ಲ.

ಡಬ್ಬಾ ಟಿವಿ ಸಿಗದಿದ್ದರೆ ಎಲ್‌ಸಿಡಿ ತೆರೆಯಲ್ಲೂ ಆಗುತ್ತದೆ. ಎರಡು ವ್ಯತ್ಯಾಸ ಗಮನಿಸಿ. ಒಂದು, ಡಿಜಿಟಲ್ ಟಿವಿ ಚಿತ್ರವನ್ನು ತೋರಿಸುವ ಮೊದಲು ಒಳಗೆ ಹಿಡಿದಿಟ್ಟುಕೊಂಡು ತಿದ್ದುತ್ತದೆ. ಆ ತಡದಿಂದಾಗಿ ಚಲನೆ ಹರಿಯುವ ಬದಲು ಹೆಜ್ಜೆ ಹೆಜ್ಜೆಯಾಗಿ ಕುಪ್ಪಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ತಡ ತಗ್ಗುತ್ತದೆ. ಎರಡು, ಚಿತ್ರ ಚುರುಕುಗೊಳಿಸುವ, ಬಣ್ಣ ಉಜ್ಜುವ ಎಲ್ಲ ಸೌಲಭ್ಯಗಳನ್ನೂ ಆಫ್ ಮಾಡಿ. ಸುತ್ತು ಸುತ್ತಿಗೂ ಅವು ಅಂಚುಗಳನ್ನು ಕೊರೆದು ಕೊರೆದು ಕೊನೆಗೆ ತೆರೆಯ ತುಂಬ ಒರಟು ಗೆರೆಗಳನ್ನೇ ಉಳಿಸುತ್ತವೆ.

ಕೇಬಲಿನಲ್ಲಿ ಹರಿಯುವುದೇನು

ಇದನ್ನು ತಿಳಿಯದೆಯೂ ಫೀಡ್‌ಬ್ಯಾಕ್ ಮಾಡಬಹುದು. ಆದರೆ ತಿಳಿದ ಮೇಲೆ ನನ್ನ ಕೈ ಬದಲಾಯಿತು, ಹಾಗಾಗಿ ಹೇಳುತ್ತೇನೆ.

ಸಿನಿಮಾ ರೀಲಿನ ಒಂದು ಚೌಕವನ್ನು ಬೆಳಕಿಗೆ ಹಿಡಿದರೆ ಇಡೀ ಚಿತ್ರ ಕಾಣುತ್ತದೆ. ಹಳೆಯ ವಿಡಿಯೊದಲ್ಲಿ ಇಡೀ ಚಿತ್ರ ಎನ್ನುವುದು ಎಲ್ಲಿಯೂ ಇಲ್ಲ. ತೆರೆಯ ಹಿಂದೆ ಒಂದು ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ, ಗೆರೆಯ ಕೆಳಗೆ ಗೆರೆಯಾಗಿ ಇಳಿಯುತ್ತದೆ. ಭಾರತದಲ್ಲಿ ಬಳಸಿದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಹಳೆಯ ಟಿವಿ ಹಚ್ಚಿದೊಡನೆ ಹೆಚ್ಚಾಗಿ ಎಳೆಯ ಕಿವಿಗಳಿಗೆ ಕೇಳುವ ಸಣ್ಣ ಕೀಂಯ್ ಸದ್ದು ಇದೆಯಲ್ಲ, ಅದು ಈ ಗೆರೆಗಳ ದನಿ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಯಾವುದೇ ಒಂದು ಕ್ಷಣದಲ್ಲಿ ತೆರೆಯ ಮೇಲೆ ಕಿರಣ ಬಡಿಯುತ್ತಿರುವುದು ಒಂದೇ ಚುಕ್ಕಿಗೆ. ಉಳಿದದ್ದು ಗಾಜಿನ ಒಳಮೈಗೆ ಬಳಿದ, ಕಿರಣ ತಾಗಿದರೆ ಬೆಳಗುವ ಫಾಸ್ಫರ್ ಲೇಪದ ಹೊಳಪು, ಮತ್ತು ನಮ್ಮ ಕಣ್ಣಿನ ನೆನಪು.

ಹಳದಿ ಪ್ಲಗ್ಗಿನ ಕೇಬಲಿನಲ್ಲಿ ಹರಿಯುವುದು ಒಂದು ವೋಲ್ಟಿನ ಏರಿಳಿತ. ಅದರಲ್ಲಿ ಮೇಲಿನ ಸುಮಾರು 0.7 ವೋಲ್ಟ್ ಚಿತ್ರ, ಕೆಳಗಿನ 0.3 ವೋಲ್ಟ್ ಸಿಂಕ್, ಅಂದರೆ ‘ಗೆರೆ ಇಲ್ಲಿ ಶುರು ಮಾಡು, ಪುಟ ಇಲ್ಲಿ ತಿರುಗಿಸು’ ಎನ್ನುವ ತಾಳ. ಆ ತಾಳ ತಪ್ಪಿದರೆ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತದೆ. ಅಮೆರಿಕದ ಕಲಾವಿದೆ ಜೋನ್ ಜೋನಸ್ 1972ರಲ್ಲಿ ‘ವರ್ಟಿಕಲ್ ರೋಲ್’ ಮಾಡಿದ್ದು ಈ ಉರುಳಾಟವನ್ನೇ ಹಿಡಿದುಕೊಂಡು. ಚಿತ್ರ ಒಂದೇ ಸಮನೆ ಉರುಳುತ್ತಿರುತ್ತದೆ, ಆಕೆ ಚಮಚದಿಂದ ಬಡಿಯುತ್ತಾರೆ, ಆ ಪೆಟ್ಟಿಗೂ ಉರುಳಿಗೂ ನಡುವೆ ಸಿಕ್ಕಿದ ದೇಹ ತುಂಡು ತುಂಡಾಗಿ ಕಾಣುತ್ತದೆ. ಎಲ್ಲರೂ ಕೆಟ್ಟ ಟಿವಿ ಎಂದು ತಲೆ ಕುಟ್ಟುವ ದೋಷ ಅಲ್ಲಿ ಕೃತಿಯ ಉಸಿರೇ ಆಗಿದೆ. ನಿಮ್ಮ ಟಿವಿ ತುಂಬ ಹಳೆಯದಾಗಿದ್ದು ಹಿಂದೆ ಈ ಉರುಳಾಟವನ್ನು ಹಿಡಿದು ನಿಲ್ಲಿಸುವ ವರ್ಟಿಕಲ್ ಹೋಲ್ಡ್ ಗುಂಡಿ ಇದ್ದರೆ, ಅದನ್ನು ಹೊರಗಿನಿಂದಲೇ ಮೆಲ್ಲಗೆ ತಿರುಗಿಸಿ ನೋಡಿ.

ಇನ್ನೊಂದು ಕಾರಣಕ್ಕೂ ಈ ವಿಷಯ ಮುಖ್ಯ. ಸಿನಿಮಾ ಫಿಲಂ ತೊಳೆದು ಬರುವವರೆಗೆ ಕಾಯಬೇಕು. ವಿಡಿಯೊ ಹಾಗಲ್ಲ, ಕ್ಯಾಮೆರಾ ಕಂಡದ್ದು ಆ ಗಳಿಗೆಗೇ ತೆರೆಯಲ್ಲಿ. ಸೋನಿಯ ಪೋರ್ಟಪ್ಯಾಕ್ 1967ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ, ಅರ್ಧ ಇಂಚಿನ ಟೇಪಿನ ರೆಕಾರ್ಡರನ್ನು ಹೆಗಲಿಗೆ ನೇತುಹಾಕಿಕೊಂಡು ಒಬ್ಬರೇ ಹೊರಡುವುದು ಸಾಧ್ಯವಾಯಿತು. ಚಿತ್ರ ಕಪ್ಪುಬಿಳುಪು, ಅಂಚು ಮಸುಕು. ಆದರೂ ಕಲಾವಿದರು ಅದಕ್ಕೆ ಮುಗಿಬಿದ್ದರು. ತಾನೇ ತನ್ನನ್ನು ಆ ಕ್ಷಣದಲ್ಲೇ ನೋಡಿಕೊಳ್ಳುವ ಚಿತ್ರ ಅಲ್ಲಿಯವರೆಗೆ ಹೆಚ್ಚಾಗಿ ಟಿವಿ ಸ್ಟುಡಿಯೊಗಳ ಒಳಗೇ ಇತ್ತು. ಸ್ಟುಡಿಯೊದವರಿಗೆ ಫೀಡ್‌ಬ್ಯಾಕ್ ಹೊಸದೇನಲ್ಲ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ದೃಶ್ಯವನ್ನು ಮಾಡಿದ್ದು ಕ್ಯಾಮೆರಾವನ್ನು ಮಾನಿಟರಿಗೆ ತಿರುಗಿಸಿಯೇ. ಹೊಸತಾದದ್ದು, ಅದು ಸ್ಟುಡಿಯೊ ಬಿಟ್ಟು ಮನೆಯ ಕೋಣೆಗೆ ಬಂದದ್ದು.

ಮೊದಲ ಸಂಜೆ

ಕೋಣೆ ಕತ್ತಲಾಗಿರಲಿ. ಟಿವಿಯ ಗಾಜಿನಲ್ಲಿ ಕಿಟಕಿ, ದೀಪ, ನಿಮ್ಮ ಬಿಳಿ ಅಂಗಿ ಯಾವುದೂ ಹೊಳೆಯಬಾರದು. ಒಂದು ಚಿಕ್ಕ ಪ್ರತಿಫಲನವೂ ನೂರಾರು ಪ್ರತಿಗಳಾಗಿ ಚಿತ್ರದಲ್ಲಿ ಕೂತುಬಿಡುತ್ತದೆ. ಟ್ರೈಪಾಡಿನ ಲೋಹ ಹೊಳೆದರೆ ಕರಿ ಬಟ್ಟೆ ಹೊದಿಸಿ.

ಕ್ಯಾಮೆರಾವನ್ನು ಟಿವಿಯಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿ, ಲೆನ್ಸ್ ಸರಿಯಾಗಿ ತೆರೆಯ ನಡುವಿನ ಎತ್ತರಕ್ಕೆ ಬರುವಂತೆ ನಿಲ್ಲಿಸಿ. ಕ್ಯಾಮೆರಾದ ವಿಡಿಯೊ ಔಟ್‌ನಿಂದ ಟಿವಿಯ ವಿಡಿಯೊ ಇನ್‌ಗೆ ಕೇಬಲ್ ಹಾಕಿ. ಕ್ಯಾಮೆರಾದ ತೆರೆಯಲ್ಲಿ ಕಾಣುವ ದಿನಾಂಕ, ಬ್ಯಾಟರಿ ಗುರುತು ಮುಂತಾದ ಬರಹ ಟಿವಿಗೆ ಹೋಗದಂತೆ ಮೆನುವಿನಲ್ಲಿ ಆಫ್ ಮಾಡಿ. ಷಟರ್ ವೇಗವನ್ನು ಪಾಲ್ ಆದರೆ 1/50, ಎನ್‌ಟಿಎಸ್‌ಸಿ ಆದರೆ 1/60ಕ್ಕೆ ಕಟ್ಟಿಹಾಕಿ. ಅದಕ್ಕಿಂತ ವೇಗವಾದರೆ ಟಿವಿಯ ಕಿರಣ ಒಂದು ಸುತ್ತು ಮುಗಿಸುವ ಮೊದಲೇ ಕಣ್ಣು ಮುಚ್ಚಿದಂತಾಗಿ ಕರಿ ಪಟ್ಟೆಗಳು ಬರುತ್ತವೆ.

ಈಗ ಟಿವಿಯ ಅಂಚುಗಳು ಫ್ರೇಮಿನ ಅಂಚಿಗೆ ಸರಿಯಾಗಿ ಕೂರುವ ತನಕ ಝೂಮ್ ಮಾಡಿ. ಕಾಂಟ್ರಾಸ್ಟ್ ನಡುಮಟ್ಟದಲ್ಲಿರಲಿ. ಬಹುಶಃ ತೆರೆ ಸುಮ್ಮನೆ ಕಪ್ಪಾಗಿ ಇರುತ್ತದೆ, ಇಲ್ಲವೇ ಪೂರ್ತಿ ಬೆಳ್ಳಗೆ ಉರಿಯುತ್ತದೆ. ಎರಡೂ ಸರಿಯೇ. ಕಪ್ಪಾಗಿದ್ದರೆ ಟಾರ್ಚನ್ನು ಲೆನ್ಸಿಗೂ ತೆರೆಗೂ ನಡುವೆ ಒಮ್ಮೆ ಬೀಸಿ ತೆಗೆಯಿರಿ. ಬೆಂಕಿಗೆ ಕಿಡಿ ಬೇಕಾದ ಹಾಗೆ ಇದಕ್ಕೂ ಮೊದಲ ಬೆಳಕು ಬೇಕು. ಕಿಡಿ ಬಿದ್ದು ಆರಿಹೋದರೆ ಕಾಂಟ್ರಾಸ್ಟ್ ಒಂದು ಕೂದಲೆಳೆ ಏರಿಸಿ ಮತ್ತೆ ಬೀಸಿ. ಯಾವಾಗ ಟಾರ್ಚ್ ತೆಗೆದ ಮೇಲೂ ಬೆಳಕು ತೆರೆಯಲ್ಲಿ ಅಲೆಯುತ್ತ ಉಳಿಯುತ್ತದೋ ಆಗ ನಿಲ್ಲಿಸಿ. ಅಲ್ಲಿಂದ ಕೆಲಸ ಶುರು.

ನನಗೆ ಆ ಜಾಗ ಮೊದಲ ಸಲ ಸಿಕ್ಕಿದ್ದು ಎರಡು ಗಂಟೆಯ ನಂತರ. ತಿಳಿನೀಲಿ ಬೆಳಕಿನ ಒಂದು ತೊಟ್ಟು ತೆರೆಯ ನಡುವಿನಿಂದ ಹೊರಟು ಅಂಚಿಗೆ ಹೋಗುವಷ್ಟರಲ್ಲಿ ನಸುಗೆಂಪಾಗಿ, ಅಂಚಿಗೆ ತಾಗಿ ಚೂರಾಗಿ, ಆ ಚೂರುಗಳಿಂದಲೇ ಇನ್ನೊಂದು ತೊಟ್ಟು ಹುಟ್ಟಿತು. ಗುಂಡಿಯ ಮೇಲಿಟ್ಟ ಕೈ ತೆಗೆಯಲು ಹೆದರಿ ಬಹಳ ಹೊತ್ತು ಹಾಗೆಯೇ ಕೂತಿದ್ದೆ. ಅದು ಚಿತ್ರದಂತೆ ಕಾಣಲಿಲ್ಲ, ಜೀವವಿರುವ ಏನನ್ನೋ ನೋಡಿದಂತಿತ್ತು.

ಕೈ ಕಲಿಯಬೇಕಾದ ನಾಲ್ಕು ಸಂಗತಿ

ಫೀಡ್‌ಬ್ಯಾಕಿನಲ್ಲಿ ನಡೆಯುವುದೆಲ್ಲ ಒಂದೇ ಪ್ರಶ್ನೆಯ ಸುತ್ತ: ಒಂದು ಸುತ್ತು ಹೋಗಿ ಬಂದ ಚಿತ್ರ ಹೋದದ್ದಕ್ಕಿಂತ ಹೇಗೆ ಬೇರೆಯಾಯಿತು? ಎಷ್ಟು ಚಿಕ್ಕದಾಯಿತು, ಎಷ್ಟು ತಿರುಗಿತು, ಎಷ್ಟು ಬೆಳಗಿತು, ಎಷ್ಟು ಮಸುಕಾಯಿತು. ಸೆಕೆಂಡಿಗೆ ಹತ್ತಾರು ಸುತ್ತು ನಡೆಯುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯೂ ಗುಣಾಕಾರವಾಗಿ ಬೆಳೆದುಬಿಡುತ್ತದೆ.

ಝೂಮ್ ತೆಗೆದುಕೊಳ್ಳಿ. ಟಿವಿಯ ತೆರೆ ಫ್ರೇಮಿನ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ತುಂಬುವಂತೆ ಹಿಂದೆ ಸರಿದರೆ, ಸುತ್ತಿಗೊಮ್ಮೆ ಚಿತ್ರ 0.9 ಪಾಲಿಗೆ ಇಳಿಯುತ್ತದೆ. ಹತ್ತನೆಯ ಸುತ್ತಿಗೆ ಅದು ಮೊದಲಿನ ಮೂರನೇ ಒಂದು ಪಾಲಿನಷ್ಟಾಗುತ್ತದೆ, ಅಷ್ಟಕ್ಕೆ ಹಿಡಿಯುವ ಹೊತ್ತು ಅರ್ಧ ಸೆಕೆಂಡಿಗಿಂತ ಕಡಿಮೆ. ಎದುರುಬದುರು ಇಟ್ಟ ಕನ್ನಡಿಗಳ ನಡುವೆ ಕಾಣುವ ಸುರಂಗ ಇದೇ. ತದ್ವಿರುದ್ಧವಾಗಿ ತೆರೆ ಫ್ರೇಮಿನಿಂದ ಹೊರಚಾಚುವಂತೆ ಝೂಮ್ ಮಾಡಿದರೆ ಎಲ್ಲವೂ ನಡುವಿನಿಂದ ಹೊರಕ್ಕೆ ಸಿಡಿಯುತ್ತದೆ. ಸುರಂಗ ಬೇಗ ಬೇಸರ ತರಿಸುತ್ತದೆ. ಎಲ್ಲರೂ ಮೊದಲು ಮಾಡುವುದು ಅದನ್ನೇ, ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಸೊಗಸು ಇರುವುದು ಎರಡರ ಸಂಧಿಯಲ್ಲಿ. ಚಿತ್ರ ಒಳಗೂ ಹೋಗದೆ ಹೊರಗೂ ಸಿಡಿಯದೆ ತನ್ನಷ್ಟೇ ಗಾತ್ರದ ಮೇಲೆ ತಾನು ಕೂರುವ ಆ ಬಿಂದುವಿನಲ್ಲಿ ಆಕಾರಗಳು ಹುಟ್ಟಿ ಬಾಳುವುದಕ್ಕೆ ಸಮಯ ಸಿಗುತ್ತದೆ.

ತಿರುವು ನನಗೆ ಎಲ್ಲಕ್ಕಿಂತ ಇಷ್ಟ. ಕ್ಯಾಮೆರಾವನ್ನು ಅದರ ಲೆನ್ಸಿನ ಅಕ್ಷದ ಮೇಲೆ ವಾಲಿಸಿ. ನೀವು ಬಲಕ್ಕೆ ವಾಲಿಸಿದರೆ ತೆರೆಯಲ್ಲಿ ಚಿತ್ರ ಎಡಕ್ಕೆ ವಾಲುತ್ತದೆ, ಮುಂದಿನ ಸುತ್ತಿನಲ್ಲಿ ಇನ್ನಷ್ಟು. 60 ಡಿಗ್ರಿ ವಾಲಿಸಿದರೆ ಆರು ಸುತ್ತಿಗೆ ಚಿತ್ರ ಮೊದಲಿನ ಜಾಗಕ್ಕೆ ಮರಳುತ್ತದೆ, ಹಾಗಾಗಿ ಆರು ಎಸಳಿನ ಹೂವು. 72 ಡಿಗ್ರಿಗೆ ಐದು ಎಸಳು. 120ಕ್ಕೆ ಮೂರು. ಕೋನ ಒಂದೆರಡು ಡಿಗ್ರಿ ಆಚೀಚೆ ಇದ್ದರೆ ಹೂವು ನಿಲ್ಲದೆ ನಿಧಾನವಾಗಿ ತಿರುಗುತ್ತದೆ, ಅದು ನಿಂತ ಹೂವಿಗಿಂತ ಚೆಂದ. ಸಾಮಾನ್ಯ ಟ್ರೈಪಾಡ್ 90 ಡಿಗ್ರಿಯವರೆಗೆ ಮಾತ್ರ ಪಕ್ಕಕ್ಕೆ ವಾಲುತ್ತದೆ. ನಾನು ಕ್ಯಾಮೆರಾವನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ಸ್ಪಂಜು ತುರುಕಿ ಕೂರಿಸಿ, ಪೈಪಿನ ಹೊರಮೈಗೆ ಡಿಗ್ರಿ ಗುರುತು ಹಾಕಿದ ಕಾಗದ ಅಂಟಿಸಿಕೊಂಡಿದ್ದೇನೆ. ಪೈಪನ್ನು ಮರದ ತೊಟ್ಟಿಲಿನಂಥ ಆಸರೆಯ ಮೇಲಿಟ್ಟರೆ ಎಷ್ಟು ಬೇಕಾದರೂ ಉರುಳಿಸಬಹುದು.

ಬೆಳಕಿನ ವಿಷಯದಲ್ಲಿ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಬೇರೆ ಬೇರೆ ಕೆಲಸ ಮಾಡುತ್ತವೆ ಎನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಕಾಂಟ್ರಾಸ್ಟ್ ಅಂದರೆ ಸುತ್ತಿನ ಗುಣಕ. ಅದು ಒಂದಕ್ಕಿಂತ ಕಡಿಮೆಯಾದರೆ ಬೆಳಕು ಸುತ್ತು ಸುತ್ತಿಗೂ ಸೊರಗಿ ಸಾಯುತ್ತದೆ, ಹೆಚ್ಚಾದರೆ ಉಕ್ಕಿ ಬೆಳ್ಳಗಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ರೈಟ್‌ನೆಸ್ ಅಂದರೆ ಕಪ್ಪು ಎಲ್ಲಿ ಶುರುವಾಗುತ್ತದೆ ಎನ್ನುವ ಗಡಿ. ಮೊದಲು ಬ್ರೈಟ್‌ನೆಸ್ ತಗ್ಗಿಸಿ ಕಪ್ಪನ್ನು ನಿಜವಾದ ಕಪ್ಪು ಮಾಡಿ, ಆಮೇಲೆ ಕಾಂಟ್ರಾಸ್ಟ್ ಏರಿಸುತ್ತ ಬನ್ನಿ. ತಂತಿ ವಾದ್ಯವನ್ನು ಶ್ರುತಿ ಮಾಡುವಾಗ ಬಿರಡೆಯನ್ನು ಹೇಗೆ ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಟ್ಟು ಕಾಯುತ್ತೇವೋ ಹಾಗೆ. ತಿರುಗಿಸಿ, ಹತ್ತು ಎಣಿಸಿ, ನೋಡಿ. ಬದಲಾವಣೆ ನೆಲೆಗೊಳ್ಳುವುದಕ್ಕೆ ಹೊತ್ತು ಬೇಕು.

ಫೋಕಸ್ ಅನ್ನು ಜನ ಮರೆಯುತ್ತಾರೆ. ತುಸು ಮಸುಕಾಗಿಸಿದರೆ ಬೆಳಕು ಪಕ್ಕದ ಜಾಗಕ್ಕೆ ಒಸರುತ್ತದೆ, ಚೂಪು ಗೆರೆಗಳು ಮಾಯವಾಗಿ ಮೋಡಗಳು, ಜೀವಕೋಶದಂಥ ಗುಳ್ಳೆಗಳು ಬರುತ್ತವೆ. ಭೌತವಿಜ್ಞಾನಿ ಜೇಮ್ಸ್ ಕ್ರಚ್‌ಫೀಲ್ಡ್ 1984ರಲ್ಲಿ ವಿಡಿಯೊ ಫೀಡ್‌ಬ್ಯಾಕ್ ಕುರಿತು ‘ಫಿಸಿಕಾ ಡಿ’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದನ್ನೇ ಗಣಿತದಲ್ಲಿ ವಿವರಿಸುತ್ತದೆ. ರಾಸಾಯನಿಕಗಳು ಪರಸ್ಪರ ವರ್ತಿಸುತ್ತ ಹರಡುವಾಗ ಪಟ್ಟೆ, ಸುರುಳಿಗಳು ತಾವಾಗಿ ಮೂಡುವುದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಕ್ಯಾಮೆರಾ ಮತ್ತು ಟಿವಿಯನ್ನು ಅವರು ಪ್ರಯೋಗಾಲಯದ ಸಾಧನವಾಗಿಯೇ ನೋಡಿದರು. ಆ ಓದಿನ ನಂತರ ಫೋಕಸ್ ಉಂಗುರದ ಮೇಲೆ ನನ್ನ ಕೈ ಬಹಳ ಮೆತ್ತಗಾಯಿತು.

ಬಣ್ಣ ತಾನಾಗಿ ಬರುತ್ತದೆ. ವೈಟ್ ಬ್ಯಾಲೆನ್ಸನ್ನು ಬೇಕೆಂದೇ ತಪ್ಪು ಹೊಂದಿಸಿದರೆ ಸುತ್ತು ಸುತ್ತಿಗೂ ಬಣ್ಣ ಒಂದು ಹೆಜ್ಜೆ ಸರಿಯುತ್ತ ಕಾಮನಬಿಲ್ಲಿನ ಪಟ್ಟೆ ಮೂಡುತ್ತದೆ. ಆದರೂ ನನ್ನ ಮಾತು ಕೇಳಿ, ಮೊದಲ ತಿಂಗಳು ಟಿವಿಯ ಬಣ್ಣವನ್ನು ಸೊನ್ನೆಗಿಳಿಸಿ ಕಪ್ಪುಬಿಳುಪಿನಲ್ಲೇ ಕಲಿಯಿರಿ. ಬಣ್ಣ ಎಲ್ಲ ತಪ್ಪುಗಳನ್ನೂ ಚೆಂದ ಮಾಡಿ ಮುಚ್ಚಿಬಿಡುತ್ತದೆ.

ಮುಂದಿನ ಹೆಜ್ಜೆಗಳು

ತೆರೆಯ ಒಂದು ಅಂಚಿಗೆ ತಾಗಿಸಿ ತೆರೆಗೆ ಲಂಬವಾಗಿ ಒಂದು ಕನ್ನಡಿ ನಿಲ್ಲಿಸಿ. ಅರ್ಧ ಚಿತ್ರ ಇನ್ನರ್ಧದ ಬಿಂಬವಾಗಿ, ಮುಖವಾಡಗಳು, ಚಿಟ್ಟೆಗಳು ಕಾಣತೊಡಗುತ್ತವೆ. ಕನ್ನಡಿಯನ್ನು ಎರಡು ಡಿಗ್ರಿ ಓರೆ ಮಾಡಿದರೂ ಸಾಕು, ಲೋಕವೇ ಬೇರೆ.

ಕ್ಯಾಮೆರಾದಲ್ಲಿ ನೆಗೆಟಿವ್ ಎಫೆಕ್ಟ್ ಇದ್ದರೆ ಅದನ್ನು ಹಾಕಿ ನೋಡಿ. ಈಗ ಬಿಳಿ ಮುಂದಿನ ಸುತ್ತಿಗೆ ಕಪ್ಪು, ಅದರ ಮುಂದಿನದಕ್ಕೆ ಮತ್ತೆ ಬಿಳಿ. ಕಿಡಿಯ ಅಗತ್ಯವೇ ಇಲ್ಲ, ಕತ್ತಲಿಂದಲೇ ಬೆಳಕು ಹುಟ್ಟುತ್ತದೆ. ಇದು ಜೋರಾಗಿ ಮಿನುಗುವ ಸ್ಥಿತಿ, ಮೊದಲು ಕಾಂಟ್ರಾಸ್ಟ್ ತಗ್ಗಿಸಿಕೊಂಡೇ ಶುರು ಮಾಡಿ.

ಕ್ಯಾಮೆರಾವೇ ಇಲ್ಲದ ಫೀಡ್‌ಬ್ಯಾಕೂ ಉಂಟು. ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಿಯೋಲಾ ಅವರ 1973ರ ‘ಇನ್ಫರ್ಮೇಶನ್’ ಹುಟ್ಟಿದ್ದು ಒಂದು ಪ್ರಮಾದದಿಂದ. ಟೇಪ್ ರೆಕಾರ್ಡರಿನ ಔಟ್‌ಪುಟ್, ಚಿತ್ರಗಳನ್ನು ಆಯ್ದು ಬೆರೆಸುವ ಸ್ಟುಡಿಯೊ ಸ್ವಿಚರ್ ಮೂಲಕ ಸುತ್ತಿ ಅದೇ ರೆಕಾರ್ಡರಿನ ಇನ್‌ಪುಟ್ಟಿಗೆ ಬಂದು ಸೇರಿತು. ಯಂತ್ರ ತನ್ನನ್ನೇ ತಾನು ರೆಕಾರ್ಡ್ ಮಾಡಿಕೊಳ್ಳಲು ಹೊರಟಾಗ ಹೊಮ್ಮಿದ ಒಡಕು ಚಿತ್ರಗಳನ್ನು ಅವರು ಅಳಿಸಿ ಹಾಕಲಿಲ್ಲ, ಸ್ವಿಚರಿನ ಗುಂಡಿಗಳಿಂದ ಅವನ್ನು ನುಡಿಸಿದರು. ನಿಮ್ಮ ಬಳಿ ಹಳೆಯ ವಿಡಿಯೊ ಮಿಕ್ಸರ್ ಇದ್ದರೆ ಅದರ ಔಟ್‌ಪುಟ್ಟನ್ನು ಅದರದೇ ಒಂದು ಇನ್‌ಪುಟ್ಟಿಗೆ ಕೊಟ್ಟು ಕೀ ಗುಂಡಿಯನ್ನು (ಹೊಳಪು ನೋಡಿ ಒಂದು ಚಿತ್ರದ ಭಾಗಕ್ಕೆ ಇನ್ನೊಂದನ್ನು ತುಂಬುವ ಗುಂಡಿ) ನಿಧಾನಕ್ಕೆ ತಿರುಗಿಸಿ.

ಇನ್ನು ಅಯಸ್ಕಾಂತ. ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ 1963ರ ಮಾರ್ಚ್‌ನಲ್ಲಿ ಜರ್ಮನಿಯ ವುಪ್ಪರ್‌ಟಾಲ್‌ನ ಗ್ಯಾಲರಿ ಪಾರ್ನಾಸ್‌ನಲ್ಲಿ ಒಳಗನ್ನು ಬದಲಿಸಿದ ಟಿವಿಗಳನ್ನು ಕೋಣೆಯ ತುಂಬ ಇಟ್ಟು ತೋರಿಸಿದರು. ಅವರು ಸಂಗೀತ ಓದಿದವರು, ಟಿವಿಯನ್ನೂ ವಾದ್ಯದಂತೆ ಕಂಡರು. ಅಲ್ಲಿನ ಒಂದು ಟಿವಿಯ ಚಿತ್ರ ಕುಸಿದು ಒಂದೇ ಗೆರೆಯಾಗಿತ್ತು. ಅದನ್ನು ಪಕ್ಕಕ್ಕೆ ಮಲಗಿಸಿದಾಗ ಗೆರೆ ನೆಟ್ಟಗೆ ನಿಂತಿತು, ಅದೇ ‘ಝೆನ್ ಫಾರ್ ಟಿವಿ’. 1965ರ ‘ಮ್ಯಾಗ್ನೆಟ್ ಟಿವಿ’ಯಲ್ಲಿ ಕಪ್ಪುಬಿಳುಪು ಟಿವಿಯ ನೆತ್ತಿಯ ಮೇಲೆ ದೊಡ್ಡ ಅಯಸ್ಕಾಂತ ಕೂತಿದೆ. ಎಲೆಕ್ಟ್ರಾನ್ ಕಿರಣವನ್ನು ಗೆರೆಗೆರೆಯಾಗಿ ಓಡಿಸುವುದೂ ಟಿವಿಯೊಳಗಿನ ಕಾಂತಕ್ಷೇತ್ರವೇ, ಆದ್ದರಿಂದ ಹೊರಗಿನ ಅಯಸ್ಕಾಂತ ಅದನ್ನು ದಾರಿ ತಪ್ಪಿಸಿ ಚಿತ್ರವನ್ನು ಬಳ್ಳಿಯಂತೆ ಬಾಗಿಸುತ್ತದೆ. ಸರಿಸಿದರೆ ಚಿತ್ರವೂ ಸರಿಯುತ್ತದೆ.

ಇದನ್ನು ಮಾಡುವುದಾದರೆ ಕಪ್ಪುಬಿಳುಪು ಟಿವಿಯ ಮೇಲೆ ಮಾತ್ರ ಮಾಡಿ. ಬಣ್ಣದ ಟ್ಯೂಬಿನ ಒಳಗೆ ತೂತುಗಳಿರುವ ತೆಳು ಲೋಹದ ಪರದೆ ಇರುತ್ತದೆ, ಅದಕ್ಕೆ ಕಾಂತಗುಣ ಅಂಟಿಕೊಂಡರೆ ಬಣ್ಣದ ಕಲೆ ಉಳಿಯುತ್ತದೆ. ನಾನು ಆತುರಪಟ್ಟು ನನ್ನ ಮೊದಲ ಬಣ್ಣದ ಟಿವಿಯ ಮೂಲೆಗೆ ಬಲವಾದ ಅಯಸ್ಕಾಂತ ಹಿಡಿದೆ. ಅಂಗೈಯಗಲದ ಹಸಿರು ಕಲೆ ಕೂತಿತು. ಟಿವಿ ಹಚ್ಚಿದಾಗಲೆಲ್ಲ ಒಳಗಿನ ಕಾಯಿಲ್ ಆ ಕಾಂತಗುಣವನ್ನು ತೆಗೆಯಲು ನೋಡುತ್ತದೆ, ನನ್ನ ಟಿವಿಯಲ್ಲಿ ಅದಕ್ಕೆ ಪೂರ್ತಿ ಸಾಧ್ಯವಾಗಲಿಲ್ಲ. ತುಂಬ ಬಲದ ಅಯಸ್ಕಾಂತ ಆ ಲೋಹದ ಪರದೆಯನ್ನೇ ಬಾಗಿಸಬಹುದು, ಆಗ ಯಾವ ಉಪಾಯವೂ ಇಲ್ಲ. ಪಿಕ್ಚರ್ ಟ್ಯೂಬುಗಳನ್ನು ಈಗ ಯಾರೂ ಹೊಸದಾಗಿ ಮಾಡಿಕೊಡುವುದಿಲ್ಲ. ಒಂದು ಹಾಳಾದರೆ ಜಗತ್ತಿನಲ್ಲಿ ಒಂದು ಕಡಿಮೆಯಾದಂತೆ, ಅದು ನನಗೆ ಇವತ್ತಿಗೂ ನೋವು.

ನಕ್ಷೆ ಹಂಚಿದವರು

ಕ್ಯಾಮೆರಾ ಮತ್ತು ಟಿವಿಯ ಮಿತಿ ಮುಟ್ಟಿದ ಮೇಲೆ ಆ ತಲೆಮಾರಿನವರು ತಮ್ಮದೇ ಯಂತ್ರ ಕಟ್ಟಿಕೊಂಡರು. ಪೈಕ್ ಮತ್ತು ಜಪಾನಿನ ಎಂಜಿನಿಯರ್ ಶುಯಾ ಆಬೆ ಸೇರಿ ಮಾಡಿದ ಸಿಂಥಸೈಜರ್, ಅಂದರೆ ವಿಡಿಯೊ ಚಿತ್ರಗಳನ್ನು ಬೆರೆಸಿ ಬಣ್ಣ ಹಚ್ಚುವ ಯಂತ್ರ, 1970ರಲ್ಲಿ ಬೋಸ್ಟನ್ನಿನ ಡಬ್ಲ್ಯುಜಿಬಿಎಚ್ ವಾಹಿನಿಯಲ್ಲಿ ನಾಲ್ಕು ಗಂಟೆ ನೇರ ಪ್ರಸಾರವಾಯಿತು. ಸ್ಟೀವ್ ರಟ್ ಮತ್ತು ಬಿಲ್ ಎಟ್ರಾ ಅವರ ಸ್ಕ್ಯಾನ್ ಪ್ರೊಸೆಸರ್ ಚಿತ್ರದ ಹೊಳಪಿಗೆ ತಕ್ಕಂತೆ ಪ್ರತಿ ಗೆರೆಯನ್ನೂ ಮೇಲೆತ್ತುತ್ತಿತ್ತು, ಮುಖವೊಂದು ಬೆಟ್ಟದ ಸಾಲಾಗುತ್ತಿತ್ತು. ಐಸ್‌ಲ್ಯಾಂಡಿನ ಪಿಟೀಲು ವಾದಕಿ ಸ್ಟೈನಾ, ಚೆಕ್ ನಾಡಿನ ಬ್ರನೋ ಊರಿನ ವುಡಿ ವಾಸುಲ್ಕಾ ದಂಪತಿ 1971ರಲ್ಲಿ ನ್ಯೂಯಾರ್ಕಿನಲ್ಲಿ ಹಳೆಯ ಹೋಟೆಲೊಂದರ ಅಡುಗೆಮನೆಯಲ್ಲಿ ‘ದಿ ಕಿಚನ್’ ಎಂಬ ಕಲಾಕೇಂದ್ರ ಶುರು ಮಾಡಿದರು. ಸ್ಟೈನಾ ತಮ್ಮ ‘ವಯೊಲಿನ್ ಪವರ್’ನಲ್ಲಿ ಪಿಟೀಲಿನ ದನಿಯಿಂದಲೇ ಚಿತ್ರವನ್ನು ಅಲುಗಿಸಿದರು. ಇದನ್ನು ವಾದ್ಯದಂತೆ ಅಭ್ಯಾಸ ಮಾಡಬೇಕು ಎಂದು ನನಗೆ ಹೊಳೆದದ್ದು ಅವರನ್ನು ನೋಡಿ.

ನಾನು ಹೆಚ್ಚು ಋಣಿ ಮಾತ್ರ ಶಿಕಾಗೋದ ಕಲಾವಿದ ಡ್ಯಾನ್ ಸ್ಯಾಂಡಿನ್ ಅವರಿಗೆ. 1971ರಿಂದ 73ರ ನಡುವೆ ಅವರು ಇಮೇಜ್ ಪ್ರೊಸೆಸರ್ ಕಟ್ಟಿದರು. ಸಂಗೀತದ ಸಿಂಥಸೈಜರಿನಂತೆ ಬಿಡಿ ಬಿಡಿ ಪೆಟ್ಟಿಗೆಗಳು, ಅವುಗಳ ನಡುವೆ ಕೇಬಲ್ಲು. ಕಟ್ಟಿ ಮಾರುವ ಬದಲು ಇನ್ನೊಬ್ಬ ವಿಡಿಯೊ ಕಲಾವಿದ ಫಿಲ್ ಮಾರ್ಟನ್ ಜೊತೆ ಸೇರಿ ಅದರ ಸರ್ಕ್ಯೂಟ್ ನಕ್ಷೆಗಳನ್ನು ಬೇಕೆಂದವರಿಗೆಲ್ಲ ಪ್ರತಿ ಮಾಡಿಸಿ ಕೊಟ್ಟರು. ಈ ಕ್ರಮಕ್ಕೆ ಅವರಿಟ್ಟ ಹೆಸರು ‘ಡಿಸ್ಟ್ರಿಬ್ಯೂಶನ್ ರಿಲಿಜನ್’, ಹಂಚಿಕೆಯ ಧರ್ಮ. ಬೆಸುಗೆ ಹಾಕಲು ಬರುವವರು ಆ ನಕ್ಷೆಗಳನ್ನು ಹುಡುಕಿ ಓದಿ. ಎರಡು ಚಿತ್ರಗಳನ್ನು ಕೂಡಿಸುವುದು, ಒಂದನ್ನು ತಿರುವುಮುರುವು ಮಾಡುವುದು, ಹೊಳಪಿಗೆ ಅನುಗುಣವಾಗಿ ಬಣ್ಣ ಹಚ್ಚುವುದು ಹೀಗೆ ಒಂದೊಂದು ಪೆಟ್ಟಿಗೆಗೂ ಒಂದೊಂದೇ ಕೆಲಸ. ಅದರಲ್ಲಿ ಒಂದನ್ನು ಅರ್ಥ ಮಾಡಿಕೊಂಡರೂ ನಿಮ್ಮ ಟಿವಿಯ ಗುಂಡಿಗಳು ಬೇರೆಯಾಗಿ ಕಾಣುತ್ತವೆ.

ಹಿಡಿದಿಡುವುದು

ಸುಲಭದ ದಾರಿ ಎಂದರೆ ಫೀಡ್‌ಬ್ಯಾಕ್ ಮಾಡುತ್ತಿರುವ ಕ್ಯಾಮೆರಾದಲ್ಲೇ ರೆಕಾರ್ಡ್ ಒತ್ತುವುದು. ಟಿವಿಗೆ ಹೋಗುವ ಸಿಗ್ನಲ್ ಅದರ ಕಾರ್ಡಿಗೋ ಟೇಪಿಗೋ ಇಳಿಯುತ್ತದೆ. ಬೇರೆ ರೆಕಾರ್ಡರಿಗೆ ಕೊಡಬೇಕಿದ್ದರೆ ವೈ ಆಕಾರದ ಕವಲು ಪ್ಲಗ್ ಹಾಕಬೇಡಿ. ವಿಡಿಯೊ ಇನ್‌ಪುಟ್ಟುಗಳು ಒಂದೊಂದೂ 75 ಓಮ್ ಭಾರ ಹೇರುತ್ತವೆ. ಎರಡು ಒಟ್ಟಿಗೆ ಎಳೆದರೆ ಒಂದು ವೋಲ್ಟ್ ಇದ್ದದ್ದು ಮೂರನೇ ಎರಡು ಪಾಲಿಗೆ ಇಳಿಯುತ್ತದೆ, ಚಿತ್ರ ಮಂಕಾಗುತ್ತದೆ, ನೀವು ಅಷ್ಟು ಹೊತ್ತು ಹೊಂದಿಸಿದ ಗುಣಕ ಕೆಡುತ್ತದೆ. ಸಿಗ್ನಲ್ಲನ್ನು ಬಲಪಡಿಸಿ ಹಂಚುವ ಪುಟ್ಟ ಡಿಸ್ಟ್ರಿಬ್ಯೂಶನ್ ಆಂಪ್ಲಿಫೈಯರ್ ಬಳಸಿ. ಸ್ಟುಡಿಯೊ ಮಾನಿಟರ್ ಇದ್ದರೆ ಅದರ ಹಿಂದೆ ಇನ್ ಪಕ್ಕದಲ್ಲೇ ಔಟ್ ಇರುತ್ತದೆ, 75 ಓಮ್ ಸ್ವಿಚ್ಚನ್ನು ಆಫ್ ಮಾಡಿ ಅಲ್ಲಿಂದ ಮುಂದಕ್ಕೆ ಕೊಡಬಹುದು.

ಟಿವಿ ತುಂಬ ಹೊತ್ತು ಒಂದೇ ಉರಿಯುವ ಚಿತ್ರದಲ್ಲಿ ನಿಲ್ಲಬಾರದು, ಫಾಸ್ಫರ್ ಸುಟ್ಟು ನೆರಳು ಉಳಿಯುತ್ತದೆ. ಮುಗಿಸುವಾಗ ಮೊದಲು ಕಾಂಟ್ರಾಸ್ಟ್ ಇಳಿಸಿ, ಲೆನ್ಸಿಗೆ ಮುಚ್ಚಳ ಹಾಕಿ, ಆಮೇಲೆ ಟಿವಿ ಆರಿಸಿ. ನಿಮ್ಮದು ಟ್ಯೂಬ್ ಇರುವ ಹಳೆಯ ಕ್ಯಾಮೆರಾ ಆದರೆ ಮುಚ್ಚಳ ಮರೆಯಲೇಬೇಡಿ, ಜೋರು ಬೆಳಕು ಅದರ ಕಣ್ಣಿನಲ್ಲೂ ಕಲೆ ಉಳಿಸುತ್ತದೆ.

ಒಳ್ಳೆಯದೇನಾದರೂ ಬಂದರೆ ಏಳುವ ಮುಂಚೆ ಬರೆದುಕೊಳ್ಳಿ. ಅದೇ ಗುಂಡಿಗಳನ್ನು ಮರುದಿನ ಅದೇ ಜಾಗಕ್ಕೆ ತಂದರೂ ಅದೇ ಚಿತ್ರ ಬರುವ ಖಾತ್ರಿಯಿಲ್ಲ, ಟಿವಿ ಬಿಸಿಯಾದ ಮಟ್ಟಕ್ಕೂ ಅದು ಬದಲಾಗುತ್ತದೆ. ಆದರೂ ಹತ್ತಿರದ ಊರಿಗೆ ದಾರಿ ಸಿಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಕಳೆದ ವಾರದ ಸಾಲು ಹೀಗಿದೆ: ‘ದೂರ 142 ಸೆಂ.ಮೀ. ವಾಲು 73 ಡಿಗ್ರಿ. ಬ್ರೈಟ್‌ನೆಸ್ 22, ಕಾಂಟ್ರಾಸ್ಟ್ 61, ಬಣ್ಣ 0. ಫೋಕಸ್ ಗುರುತಿಗಿಂತ ಒಂದು ಕಡ್ಡಿಯಷ್ಟು ಹತ್ತಿರ. ಟಿವಿ ಹಚ್ಚಿ 40 ನಿಮಿಷ. ಕಿಡಿ: ಟಾರ್ಚಿನ ಮುಂದೆ ಎರಡು ಬೆರಳು. ಐದು ಎಸಳು, ಎಡಕ್ಕೆ ನಿಧಾನ ತಿರುಗುತ್ತ, ಹನ್ನೊಂದು ನಿಮಿಷ ಬದುಕಿತ್ತು.’